ಹುಡುಕಾಟವೂ ಪ್ರೀತಿಯೂ: ಸ್ಪ್ಯಾನಿಷ್ ಭಾಷೆಯ ‘ಕೆರೇರ್’ ಕ್ರಿಯಾಪದದ ಲ್ಯಾಟಿನ್ ಮೂಲ

ಅಮೆಜಾನ್ ಪ್ರದೇಶದ ಧರ್ಮಸಭೆಯನ್ನು ಕುರಿತು 2019ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಧರ್ಮಾಧ್ಯಕ್ಷರ ಸಿನೋದ್ ನಡೆಯಿತು. ಅದರ ತರುವಾಯ 2020ರ ಫೆಬ್ರವರಿ 2ರ ದಿನಾಂಕದೊಡನೆ ಪೋಪ್ ಫ್ರಾನ್ಸಿಸ್‌ರವರು ನೀಡಿದ ಪ್ರೇಷಿತ ಪತ್ರದ ಶೀರ್ಷಿಕೆ ವಾಡಿಕೆಯಂತೆ ಲ್ಯಾಟಿನ್ನಿನಲ್ಲಿಲ್ಲ. ಅವರ ತಾಯ್ನುಡಿಯಾದ ಸ್ಪ್ಯಾನಿಷ್‌ನಲ್ಲಿದೆ: ‘ಕೆರೀದಾ ಅಮಸೋನಿಯಾ’. ‘ಪ್ರಿಯ ಅಮೆಜೋನಿಯಾ’ ಎಂದು ಇದರ ಅರ್ಥ. ದೈವಶಾಸ್ತ್ರದ ನಮ್ಮ ತರಗತಿಯಲ್ಲಿ ಈ ಪತ್ರವನ್ನು ಓದುತ್ತಿದ್ದಾಗ, ಲ್ಯಾಟಿನ್ ವ್ಯಾಕರಣವನ್ನು ಆಗಷ್ಟೇ ಮುಗಿಸಿದ್ದ ಒಬ್ಬ ವಿದ್ಯಾರ್ಥಿ ಒಂದು ಸಂಶಯ ಎತ್ತಿದರು. ಸ್ಪ್ಯಾನಿಷ್ ಲ್ಯಾಟಿನ್ನಿನ ಮಗಳಾದರೆ ‘ಕೆರೀದಾ’ ಎಂಬುದರ ತಾಯಿ ಯಾವುದು? ಪ್ರೀತಿಯ ಅರ್ಥ ಕೊಡುವ ಅಂಥ ಪದ ಲ್ಯಾಟಿನ್ ನಿಘಂಟಿನಲ್ಲಿ ಇಲ್ಲವಲ್ಲ. ಅಲ್ಲಿರುವುದು ‘ಕ್ವೇರೆರೆ’ ಒಂದೇ. ಅದರ ಅರ್ಥವಾದರೋ ಹುಡುಕು, ಅರಸು, ವಿಚಾರಿಸು.

ಉತ್ತರವೇನೋ ಒಂದು ವಾಕ್ಯದ್ದು. ಆ ‘ಕ್ವೇರೆರೆ’ಯೇ ಸ್ಪ್ಯಾನಿಷ್‌ನ ‘ಕೆರೇರ್’. ಹುಡುಕು ಎಂಬ ಪದ ಬೇಕೆನ್ನು ಎಂದಾಗಿ, ಕೊನೆಗೆ ಪ್ರೀತಿಸು ಎಂದಾಯಿತು. ಆದರೆ ಇದನ್ನು ಕೇಳಿದ ಮರುವಾರವೇ ಅದೇ ವಿದ್ಯಾರ್ಥಿ ತಮ್ಮ ಅಭ್ಯಾಸದ ಪ್ರಬೋಧನೆಯಲ್ಲಿ, ಜಕ್ಕಾಯನ ಪ್ರಸಂಗವನ್ನು ವಿವರಿಸುತ್ತಾ, ಪ್ರೀತಿ ಎಂದರೆ ನಿಜಕ್ಕೂ ಹುಡುಕಾಟವೇ, ಪದದ ಮೂಲವೇ ಇದಕ್ಕೆ ಸಾಕ್ಷಿ ಎಂದು ಘೋಷಿಸಿದರು. ಸಹಪಾಠಿಗಳು ಮೆಚ್ಚಿ ತಲೆದೂಗಿದರು. ನಮಗೆ ಮಾತ್ರ ಇರಿಸುಮುರಿಸಾಯಿತು. ಹೇಳಿದ ಮಾತು ಸುಂದರವಾಗಿತ್ತು, ದೈವಶಾಸ್ತ್ರದ ದೃಷ್ಟಿಯಿಂದ ಸುಳ್ಳೂ ಆಗಿರಲಿಲ್ಲ. ಆದರೆ ಅದಕ್ಕೆ ಒದಗಿಸಿದ ಸಾಕ್ಷ್ಯ ಸಾಕ್ಷ್ಯವಾಗಿರಲಿಲ್ಲ. ಪದಮೂಲವನ್ನು ಪೀಠದಿಂದ ಹೇಗೆ ಬಳಸಬಹುದು, ಹೇಗೆ ಬಳಸಬಾರದು ಎಂಬ ಪ್ರಶ್ನೆ ಗುರುಗಳಾದ ನಮ್ಮೆಲ್ಲರದ್ದೂ ಆಗಿರುವುದರಿಂದ, ಈ ಒಂದು ಕ್ರಿಯಾಪದದ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ರೋಮನ್ನರ ಬಾಯಲ್ಲಿ ‘ಕ್ವೇರೆರೆ’ ಭಾವುಕ ಪದವಾಗಿರಲಿಲ್ಲ. ಕಳೆದುಹೋದ ವಸ್ತುವನ್ನು ಹುಡುಕುವುದು, ಹೊಟ್ಟೆಪಾಡನ್ನು ಸಂಪಾದಿಸುವುದು, ಒಬ್ಬನನ್ನು ಪ್ರಶ್ನಿಸುವುದು, ಅಪರಾಧದ ತನಿಖೆ ನಡೆಸುವುದು ಇವೆಲ್ಲ ಅದರ ವ್ಯಾಪ್ತಿಯೊಳಗೆ ಬರುತ್ತಿದ್ದವು. ಅದರಿಂದ ಹುಟ್ಟಿದ ‘ಕ್ವೆಸ್ತಿಯೊ’ ಎಂಬ ನಾಮಪದಕ್ಕೆ ಪ್ರಶ್ನೆ ಎಂಬ ಅರ್ಥವಿದ್ದಂತೆ ನ್ಯಾಯಾಲಯದ ವಿಚಾರಣೆ, ಚಿತ್ರಹಿಂಸೆ ಕೊಟ್ಟು ಬಾಯಿಬಿಡಿಸುವುದು ಎಂಬ ಅರ್ಥಗಳೂ ಇದ್ದವು. ಈ ಧಾತುವಿನ ಹಳೆಯ ರೂಪದಲ್ಲಿ ರಕಾರದ ಜಾಗದಲ್ಲಿ ಸಕಾರವಿತ್ತು. ಎರಡು ಸ್ವರಗಳ ನಡುವೆ ಬಂದ ಸಕಾರ ಲ್ಯಾಟಿನ್ನಿನಲ್ಲಿ ರಕಾರವಾಗಿ ಬದಲಾದ ಕಾರಣ ‘ಕ್ವೇರೆರೆ’ ಎಂಬ ರೂಪ ಬಂತು. ‘ಕ್ವೆಸ್ತಿಯೊ’ದಲ್ಲಿ, ಭೂತಕಾಲದ ‘ಕ್ವೇಸೀವಿ’ಯಲ್ಲಿ ಹಳೆಯ ಸಕಾರ ಇನ್ನೂ ಉಳಿದಿದೆ. ಲ್ಯಾಟಿನ್ ಬಲಿಪೂಜೆಯ ಆರಂಭ ಪ್ರಾರ್ಥನೆಗಳಲ್ಲಿ ನಡುವೆ ಸುಳಿಯುವ ‘ಕ್ವೇಸುಮುಸ್’ ಎಂಬ ಪದ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ‘ಬೇಡಿಕೊಳ್ಳುತ್ತೇವೆ’ ಎಂಬ ಅರ್ಥದ ಆ ಪದವೂ ಇದೇ ಮನೆಯದು. ಹುಡುಕುವವನು ಕೇಳುವವನೂ ಆಗುತ್ತಾನೆ, ಕೇಳುವವನು ಬೇಡುವವನೂ ಆಗುತ್ತಾನೆ. ಅರ್ಥಗಳ ಈ ನೆರೆಹೊರೆ ಮುಂದಿನ ಕಥೆಗೆ ಅಗತ್ಯ.

ಧರ್ಮಸಭೆಯ ನುಡಿಯೊಳಗೆ ಈ ಪದ ಬಹಳ ಬೇಗ ಬೇರು ಬಿಟ್ಟಿತು. ವುಲ್ಗಾತ ಎಂದು ಪ್ರಸಿದ್ಧವಾದ ಲ್ಯಾಟಿನ್ ಬೈಬಲ್ಲಿನ ಶುಭಸಂದೇಶಗಳಲ್ಲಿ, ಹುಡುಕು ಎಂಬರ್ಥದ ಗ್ರೀಕ್ ಪದ ‘ಜೇತೇಯಿನ್’ ಬಂದಲ್ಲಿ ಸಾಮಾನ್ಯವಾಗಿ ನಿಲ್ಲುವುದು ‘ಕ್ವೇರೆರೆ’ಯೇ. ಯೊವಾನ್ನನ ಶುಭಸಂದೇಶದಲ್ಲಿ ಯೇಸುಸ್ವಾಮಿ ಮೊದಲ ಶಿಷ್ಯರಿಗೆ ಕೇಳುವ ಪ್ರಶ್ನೆಯಲ್ಲಿ (1:38) ಈ ಪದವಿದೆ. ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯಳಿಗೆ ಕೇಳುವ ಪ್ರಶ್ನೆಯಲ್ಲಿಯೂ (20:15) ಅದೇ ಇದೆ. ಮಠಕ್ಕೆ ಸೇರಬಂದವನಲ್ಲಿ ಮೊದಲು ನೋಡಬೇಕಾದದ್ದು ಅವನು ನಿಜವಾಗಿ ದೇವರನ್ನು ಅರಸುತ್ತಿರುವನೇ ಎಂಬುದನ್ನು ಎಂದು ಸಂತ ಬೆನೆಡಿಕ್ಟರ ನಿಯಮಾವಳಿಯ 58ನೆಯ ಅಧ್ಯಾಯ ವಿಧಿಸುವಾಗಲೂ ಇದೇ ಕ್ರಿಯಾಪದ. ಹನ್ನೊಂದನೆಯ ಶತಮಾನದಲ್ಲಿ ಸಂತ ಆನ್ಸೆಲ್ಮರು ತಮ್ಮ ‘ಪ್ರೊಸ್ಲೋಗಿಯೋನ್’ ಗ್ರಂಥಕ್ಕೆ ಮೊದಲು ಇಟ್ಟಿದ್ದ ಹೆಸರು, ಅರಿವನ್ನು ಅರಸುವ ವಿಶ್ವಾಸ ಎಂಬುದು, ಇದೇ ಪದವನ್ನು ಆಧರಿಸಿದೆ. ಸಂತ ತೋಮಸ್ ಅಕ್ವಿನಾಸರ ‘ಸುಮ್ಮಾ’ದಲ್ಲಿ ಚರ್ಚೆಯ ದೊಡ್ಡ ಘಟಕಕ್ಕೆ ‘ಕ್ವೆಸ್ತಿಯೊ’ ಎಂದೇ ಹೆಸರು. ದೈವಶಾಸ್ತ್ರವೆಂಬ ನಮ್ಮ ಕಸುಬಿನ ಹೆಸರುಗಳಲ್ಲಿ ಈ ಧಾತು ಇಷ್ಟು ಆಳವಾಗಿ ಹೊಕ್ಕಿರುವುದರಿಂದ, ಅದರ ಮಗಳಾದ ಸ್ಪ್ಯಾನಿಷ್ ಪದವನ್ನು ಕಂಡಾಗ ನಮಗೆ ಏನೋ ಗೂಢಾರ್ಥ ಹೊಳೆದಂತಾಗುವುದು ಸಹಜವೇ.

ಲ್ಯಾಟಿನ್ ‘ಕ್ವೇರೆರೆ’ ಸ್ಪ್ಯಾನಿಷ್ ‘ಕೆರೇರ್’ ಆದ ಬಗೆಯಲ್ಲಿ ಉಚ್ಚಾರಣೆಯ ಮಟ್ಟಿಗೆ ರಹಸ್ಯವೇನೂ ಇಲ್ಲ. ಎಕಾರದ ಮುಂದೆ ಲ್ಯಾಟಿನ್ನಿನ ‘ಕ್ವ’ ಸ್ಪೇನಿನಲ್ಲಿ ಬರಿಯ ‘ಕ’ ಆಯಿತು. ಬರವಣಿಗೆಯಲ್ಲಿ ಮಾತ್ರ ಹಳೆಯ ಜೋಡಿ ಅಕ್ಷರ ಉಳಿಯಿತು. ಲ್ಯಾಟಿನ್ನಿನಲ್ಲಿ ಒತ್ತು ಮೊದಲ ಉಚ್ಚಾರಾಂಶದ ಮೇಲಿತ್ತು, ಸ್ಪ್ಯಾನಿಷ್‌ನಲ್ಲಿ ಕೊನೆಗೆ ಸರಿಯಿತು. ಮೂಲದ ಸಂಧ್ಯಕ್ಷರ ಕಾಲಕ್ರಮದಲ್ಲಿ ಬಾಯಗಲಿಸಿ ಹೇಳುವ ಎಕಾರವಾಯಿತು. ಒತ್ತು ಬಿದ್ದ ಕಡೆ ಅದು ‘ಇಯೆ’ ಎಂದು ಒಡೆಯಿತು, ಬೀಳದ ಕಡೆ ಎಕಾರವಾಗಿಯೇ ನಿಂತಿತು. ಆದ್ದರಿಂದಲೇ ‘ಕೆರೇರ್’ ಎಂಬ ಕ್ರಿಯಾಪದದ ಉತ್ತಮ ಪುರುಷ ಏಕವಚನ ‘ಕಿಯೆರೊ’. ಹೊಸದಾಗಿ ಸ್ಪ್ಯಾನಿಷ್ ಕಲಿಯುವವರು ಅನಿಯಮಿತ ಎಂದು ಶಪಿಸುವ ಈ ರೂಪ ವಾಸ್ತವವಾಗಿ ಬಹಳ ನಿಯಮಬದ್ಧವಾದದ್ದು.

ಅರ್ಥದ ಪಯಣ ಇದಕ್ಕಿಂತ ಕುತೂಹಲಕರ. ಬೇಕು ಎನ್ನಲು ಲ್ಯಾಟಿನ್ನಿನಲ್ಲಿ ‘ವೆಲ್ಲೆ’ ಎಂಬ ಬೇರೆಯೇ ಕ್ರಿಯಾಪದವಿತ್ತು. ‘ವೋಲೊ, ವಿಸ್, ವುಲ್ತ್’ ಎಂದು ಹೆಜ್ಜೆಹೆಜ್ಜೆಗೂ ರೂಪ ಬದಲಿಸುವ ಆ ಪದವನ್ನು ಜನರ ಬಾಯಿ ಹಾಗೆಯೇ ಉಳಿಸಿಕೊಳ್ಳಲಿಲ್ಲ. ಇಟಲಿ, ಫ್ರಾನ್ಸ್, ರುಮೇನಿಯಗಳಲ್ಲಿ ಅದನ್ನು ನೇರ್ಪಡಿಸಿ ಹೊಸದಾಗಿ ಮಾಡಿಕೊಂಡರು. ಇಟಾಲಿಯನ್ನಿನ ‘ವೊಲೇರೆ’, ಫ್ರೆಂಚಿನ ‘ವುಲ್ವಾರ್’ ಬಂದದ್ದು ಹೀಗೆ. ಸ್ಪೇನ್ ಮತ್ತು ಪೋರ್ಚುಗಲ್‌ಗಳು ಮಾತ್ರ ಅದನ್ನು ಕೈಬಿಟ್ಟು, ಅದರ ಜಾಗದಲ್ಲಿ ‘ಕ್ವೇರೆರೆ’ಯನ್ನು ತಂದು ಕೂರಿಸಿದವು. ಇಟಲಿಯಲ್ಲಿ ಅದೇ ‘ಕ್ವೇರೆರೆ’ ‘ಕಿಯೇದೆರೆ’ ಆಗಿ ಕೇಳು ಎಂಬ ಅರ್ಥಕ್ಕೆ ನಿಂತಿತು. ರುಮೇನಿಯದಲ್ಲಿ ‘ಚೆರೆ’ ಆಗಿ ಬೇಡು ಎಂದಾಯಿತು. ಫ್ರಾನ್ಸಿನಲ್ಲಿ ‘ಕೆರೀರ್’ ಆಗಿ, ಹೋಗಿ ಕರೆದುಕೊಂಡು ಬಾ ಎಂಬ ಹಳಬರ ಮಾತಾಗಿ ಮೂಲೆಗೆ ಸರಿಯಿತು. ಒಬ್ಬಳೇ ತಾಯಿಯ ಮಕ್ಕಳು ನಾಲ್ಕು ಊರುಗಳಲ್ಲಿ ನಾಲ್ಕು ಬಗೆಯ ಬಾಳು ಕಂಡರು. ಈ ಒಂದು ಸಂಗತಿಯೇ ನಮ್ಮನ್ನು ಎಚ್ಚರಿಸಬೇಕು. ಹುಡುಕಾಟದಲ್ಲಿ ಪ್ರೀತಿ ಗರ್ಭಸ್ಥವಾಗಿತ್ತು ಎನ್ನುವುದಾದರೆ ಇಟಾಲಿಯನ್ನರಲ್ಲಿ ಅದು ಏಕೆ ಹುಟ್ಟಲಿಲ್ಲ?

ಹುಡುಕು ಎಂಬುದು ಬೇಕೆನ್ನು ಎಂದಾದುದಕ್ಕೆ ಸೇತುವೆ ಲ್ಯಾಟಿನ್ನಿನಲ್ಲಿಯೇ ಇತ್ತು. ‘ಕ್ವೇರೆರೆ’ಯ ಮುಂದೆ ಇನ್ನೊಂದು ಕ್ರಿಯಾಪದ ಬಂದರೆ ಅರ್ಥ ತಾನಾಗಿ ಹೊರಳುತ್ತದೆ. ಜಕ್ಕಾಯನು ಯೇಸುವನ್ನು ನೋಡಲು ‘ಹುಡುಕುತ್ತಿದ್ದನು’ ಎಂದರೆ ನೋಡಲು ಯತ್ನಿಸುತ್ತಿದ್ದನು, ನೋಡಬೇಕೆಂದಿದ್ದನು ಎಂದೇ (ಲೂಕ 19:3). ನನ್ನನ್ನು ಕೊಲ್ಲಲು ಏಕೆ ‘ಹುಡುಕುತ್ತೀರಿ’ ಎಂದು ಯೇಸುಸ್ವಾಮಿ ಜನರನ್ನು ಕೇಳುವಲ್ಲಿಯೂ (ಯೊವಾನ್ನ 7:19) ಕೊಲ್ಲಬೇಕೆಂದು ಏಕೆ ಬಯಸುತ್ತೀರಿ ಎಂಬುದೇ ಇಂಗಿತ. ಗ್ರೀಕ್ ಮೂಲದ ಜಾಯಮಾನ ಇಲ್ಲಿ ಲ್ಯಾಟಿನ್ನಿನ ಮೇಲೆ ಪ್ರಭಾವ ಬೀರಿದೆ ಎಂಬುದು ನಿಜ. ಆದರೂ ಇಂಥ ವಾಕ್ಯಗಳನ್ನು ಶತಮಾನಗಳ ಕಾಲ ಕೇಳಿದ ಕಿವಿಗೆ ಹುಡುಕಾಟವೂ ಬಯಕೆಯೂ ಬಹಳ ದೂರದ ಸಂಗತಿಗಳಾಗಿ ಉಳಿಯಲಾರವು. ಸುಮಾರು 1200ರ ‘ಸಿದ್’ ವೀರಕಾವ್ಯದ ಹೊತ್ತಿಗೆ ‘ಕೆರೇರ್’ ಬೇಕೆನ್ನು ಎಂಬ ಅರ್ಥದಲ್ಲಿ ಗಟ್ಟಿಯಾಗಿ ನೆಲೆನಿಂತಿತ್ತು. ಅದರಲ್ಲಿ ಬೆಳಗಾಗುವುದರಲ್ಲಿದೆ ಎನ್ನಲೂ ಅದೇ ಪದ. ನಸುಕಿಗೂ ಒಡೆಯುವ ಬಯಕೆಯಂತೆ.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಮಾತನಾಡು ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿರುವ ‘ಅಬ್ಲಾರ್’ ಎಂಬ ಪದವೂ ಲ್ಯಾಟಿನ್ನಿನ ‘ಫಾಬುಲಾರಿ’, ಅಂದರೆ ಕಥೆ ಹೇಳು, ಹರಟು ಎಂಬುದರಿಂದ ಬಂದದ್ದು. ಎಮ್ಮಾವುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಮಾತನಾಡುತ್ತಾ ಚರ್ಚಿಸುತ್ತಾ ನಡೆಯುತ್ತಿದ್ದರೆಂದು ಹೇಳುವ ವಚನದಲ್ಲಿ (ಲೂಕ 24:15) ವುಲ್ಗಾತ ‘ಫಾಬುಲಾರಿ’, ‘ಕ್ವೇರೆರೆ’ ಎರಡನ್ನೂ ಪಕ್ಕಪಕ್ಕದಲ್ಲಿ ಇರಿಸಿದೆ. ಸ್ಪೇನಿನ ಜನ ದಿನವೂ ಬಳಸುವ ಎರಡು ಕ್ರಿಯಾಪದಗಳ ಅಜ್ಜಿಯಂದಿರು ಹೀಗೆ ಆ ದಾರಿಯಲ್ಲಿ ಜೊತೆಯಾಗಿ ನಡೆಯುತ್ತಾರೆ. ಇದರಿಂದ ಏನೂ ಸಿದ್ಧವಾಗುವುದಿಲ್ಲ; ನೆನಪಿಡಲು ಚೆನ್ನ, ಅಷ್ಟೆ.

ಬೇಕೆನ್ನು ಎಂಬುದು ಪ್ರೀತಿಸು ಎಂದಾದದ್ದು ಹೇಗೆ ಎಂಬುದನ್ನು ಕನ್ನಡಿಗರಿಗೆ ವಿವರಿಸುವುದು ಕಷ್ಟವಲ್ಲ. ‘ಅವರು ನಮಗೆ ಬೇಕಾದವರು’ ಎಂದು ನಾವು ಹೇಳುವಾಗ ಅವರಿಂದ ಏನೋ ಕೆಲಸವಾಗಬೇಕಿದೆ ಎಂದು ಯಾರೂ ತಿಳಿಯುವುದಿಲ್ಲ. ಅವರು ನಮ್ಮ ಹತ್ತಿರದವರು, ಪ್ರೀತಿಪಾತ್ರರು ಎಂದೇ ತಿಳಿಯುತ್ತಾರೆ. ‘ಬೇಡದವರು’ ಎಂಬ ಮಾತಿನ ಕಹಿಯೂ ನಮಗೆ ಗೊತ್ತು. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ಸರಿಜೋಡಿಯಾಗಿ ‘ಬಿಯೆನ್‌ಕಿಸ್ತೊ’, ‘ಮಾಲ್‌ಕಿಸ್ತೊ’ ಎಂಬ ಪದಗಳಿವೆ: ಜನರಿಗೆ ಬೇಕಾದವನು, ಜನರಿಗೆ ಬೇಡವಾದವನು. ‘ಕೆರೇರ್’ ಕ್ರಿಯಾಪದದ ಹಳೆಯ ಕೃದಂತ ರೂಪ ‘ಕಿಸ್ತೊ’ ಈ ಎರಡು ಪದಗಳಲ್ಲಿ ಅಡಗಿ ಕುಳಿತಿದೆ.

ಒಂದೇ ಪದ ಎರಡು ಅರ್ಥಗಳನ್ನು ಹೊತ್ತರೆ ಗೊಂದಲವಾಗದೇ ಎಂದು ಕೇಳಬಹುದು. ವ್ಯಾಕರಣ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಸ್ಪ್ಯಾನಿಷ್‌ನಲ್ಲಿ ಕರ್ಮಪದವು ನಿರ್ದಿಷ್ಟ ವ್ಯಕ್ತಿಯಾಗಿದ್ದರೆ ಅದರ ಮುಂದೆ ‘ಆ’ ಎಂಬ ಅವ್ಯಯ ಬರುತ್ತದೆ. ಇದು ಲ್ಯಾಟಿನ್ನಿನ ‘ಅದ್’, ಅಂದರೆ ‘ಕಡೆಗೆ’ ಎಂಬುದರ ವಂಶಜ. ‘ಕಿಯೆರೊ ಉನ್ ಮೆದಿಕೊ’ ಎಂದರೆ ನನಗೊಬ್ಬ ವೈದ್ಯ ಬೇಕು, ಯಾರಾದರೂ ಸರಿ. ‘ಕಿಯೆರೊ ಆ ಉನ್ ಮೆದಿಕೊ’ ಎಂದರೆ ನಾನು ಒಬ್ಬ ವೈದ್ಯನನ್ನು ಪ್ರೀತಿಸುತ್ತೇನೆ. ವಸ್ತುವಾಗಿ ಬೇಕಾದವನಿಗೂ ವ್ಯಕ್ತಿಯಾಗಿ ಪ್ರಿಯನಾದವನಿಗೂ ನಡುವೆ ನಿಂತಿರುವುದು ಒಂದೇ ಸ್ವರ. ಲಿಸೆನ್ಶಿಯೇಟ್ ಅಧ್ಯಯನದ ವರ್ಷಗಳಲ್ಲಿ ನಮ್ಮ ಪಕ್ಕದ ಕೋಣೆಯಲ್ಲಿದ್ದ ದಕ್ಷಿಣ ಅಮೆರಿಕದ ಗುರುಗಳೊಬ್ಬರು ಪ್ರತಿ ಭಾನುವಾರ ರಾತ್ರಿ ತಾಯಿಗೆ ಕರೆಮಾಡಿ, ಕೊನೆಗೆ ‘ತೆ ಕಿಯೆರೊ’ ಎಂದು ಹೇಳಿ ಫೋನ್ ಇಡುತ್ತಿದ್ದರು. ಪ್ರೀತಿಗೆ ‘ಅಮಾರ್’ ಎಂಬ ಪದವೂ ಆ ಭಾಷೆಯಲ್ಲಿದೆ, ಆದರೆ ಅಮ್ಮನಿಗೆ ಹಾಗೆ ಹೇಳಿದರೆ ನಾಟಕದ ಮಾತಿನಂತಾಗುತ್ತದೆ ಎಂದು ಅವರು ನಕ್ಕಿದ್ದರು.

ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಪ್ರಿಯವಾದ ಘಟ್ಟ ಹದಿನಾರನೆಯ ಶತಮಾನದ್ದು. ಪರಮಗೀತೆಯ ಮೂರನೆಯ ಅಧ್ಯಾಯದ ಆರಂಭದಲ್ಲಿ ವಧು ತನ್ನ ಪ್ರಾಣಪ್ರಿಯನನ್ನು ರಾತ್ರಿಯಲ್ಲಿ ಹುಡುಕುತ್ತಾಳೆ. ವುಲ್ಗಾತದಲ್ಲಿ ಅಲ್ಲಿ ಎರಡು ಕ್ರಿಯಾಪದಗಳಿವೆ: ಹುಡುಕುವುದಕ್ಕೆ ‘ಕ್ವೇರೆರೆ’, ಪ್ರೀತಿಸುವುದಕ್ಕೆ ‘ದಿಲಿಜೆರೆ’. ಶಿಲುಬೆಯ ಸಂತ ಯೊವಾನ್ನರು ತೊಲೆದೊ ನಗರದ ಮಠದ ಸೆರೆಯಲ್ಲಿದ್ದಾಗ, 1578ರಲ್ಲಿ, ರಚಿಸತೊಡಗಿದ ‘ಆಧ್ಯಾತ್ಮಿಕ ಗೀತೆ’ ಈ ಪರಮಗೀತೆಯ ನೆರಳಿನಲ್ಲಿಯೇ ಬೆಳೆದ ಕಾವ್ಯ. ಅದರ ಎರಡನೆಯ ಪದ್ಯದಲ್ಲಿ ವಧು ತಾನು ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸುವವನನ್ನು ಹೆಸರಿಸುವಾಗ ಬರುವುದು ‘ಕೆರೇರ್’. ಮೂರನೆಯ ಪದ್ಯದಲ್ಲಿ ಅವಳು ಅವನನ್ನು ಹುಡುಕಿ ಹೊರಟಾಗ ಬರುವುದು ‘ಬುಸ್ಕಾರ್’ ಎಂಬ ಬೇರೊಂದು ಪದ. ಲ್ಯಾಟಿನ್ ವಚನದಲ್ಲಿ ಹುಡುಕಾಟದ ಜಾಗದಲ್ಲಿದ್ದ ಕ್ರಿಯಾಪದ ಸ್ಪ್ಯಾನಿಷ್ ಪದ್ಯದಲ್ಲಿ ಪ್ರೀತಿಯ ಜಾಗಕ್ಕೆ ಬಂದಿದೆ; ತೆರವಾದ ಹುಡುಕಾಟದ ಜಾಗವನ್ನು ಇನ್ನೊಂದು ಪದ ತುಂಬಿದೆ. ಕವಿ ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೆಂದು ನಾವು ಹೇಳುತ್ತಿಲ್ಲ. ಅವರ ಕಾಲದ ಸ್ಪ್ಯಾನಿಷ್‌ನಲ್ಲಿ ಬೇರೆ ದಾರಿ ಇರಲಿಲ್ಲ. ಹುಡುಕು ಎಂಬ ಅರ್ಥ ‘ಕೆರೇರ್’ ಪದದಿಂದ ಆಗಲೇ ಜಾರಿಹೋಗಿತ್ತು. ದೇವರನ್ನು ಆತ್ಮ ಅರಸುವುದಕ್ಕಿಂತ ಹೆಚ್ಚಾಗಿ ಅದರ ಪ್ರಿಯನೇ ಅದನ್ನು ಅರಸುತ್ತಾನೆ ಎಂದು ಅದೇ ಸಂತರು ‘ಪ್ರೇಮದ ಸಜೀವ ಜ್ವಾಲೆ’ಯ ವ್ಯಾಖ್ಯಾನದಲ್ಲಿ ಬೋಧಿಸುತ್ತಾರೆ. ಅಲ್ಲಿಯೂ ಅವರು ಬಳಸುವುದು ‘ಬುಸ್ಕಾರ್’. ಆ ಬೋಧನೆಗೆ ಅವರು ಪದಮೂಲದ ಆಸರೆಯನ್ನು ಬೇಡಲೇ ಇಲ್ಲ.

ಅದೇ ಪರಮಗೀತೆಯನ್ನು ಸ್ಪ್ಯಾನಿಷ್‌ಗೆ ಅನುವಾದಿಸಿದ ಅಗಸ್ಟೀನಿಯನ್ ಸಂನ್ಯಾಸಿ ಲೂಯಿಸ್ ದೆ ಲಿಯೋನ್ ಅವರ ಪಾಡು ಬೇರೆಯಾಯಿತು. ವುಲ್ಗಾತಕ್ಕಿಂತ ಹೀಬ್ರೂ ಮೂಲಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ, ಪವಿತ್ರ ಗ್ರಂಥವನ್ನು ಆಡುನುಡಿಗೆ ತಂದಿದ್ದಾರೆ ಎಂಬ ಆರೋಪಗಳ ಮೇಲೆ 1572ರಿಂದ 1576ರವರೆಗೆ ಅವರು ವಯಾದೊಲಿದ್ ನಗರದಲ್ಲಿ ಇನ್‌ಕ್ವಿಸಿಷನ್ನಿನ ಸೆರೆಯಲ್ಲಿದ್ದರು. ‘ಇನ್‌ಕ್ವಿಸಿಷನ್’ ಎಂಬ ಹೆಸರು ‘ಇನ್‌ಕ್ವಿರೆರೆ’ ಎಂಬ ಕ್ರಿಯಾಪದದ್ದು. ಅಂದರೆ ಒಳಹೊಕ್ಕು ಹುಡುಕು, ಅದೇ ‘ಕ್ವೇರೆರೆ’. ಪ್ರಿಯನನ್ನು ಹುಡುಕುವ ಹಾಡನ್ನು ಜನರ ಭಾಷೆಗೆ ತಂದವರನ್ನು ಹಿಡಿದಿಟ್ಟ ಸಂಸ್ಥೆಯ ಹೆಸರಿನಲ್ಲಿಯೂ ಹುಡುಕಾಟವೇ ಇದೆ. ‘ಕೊಂಕಿಸ್ತಾ’, ಅಂದರೆ ದಂಡಯಾತ್ರೆಯ ಗೆಲುವು ಎಂಬ ಪದವೂ ಈ ಧಾತುವಿನದೇ. ಇನ್ನೊಂದು ಸೋದರ ಪದವಂತೂ ಧರ್ಮಸಭೆಯ ನೆನಪಿನಿಂದ ಅಳಿಸಬಾರದಂಥದು. ಸ್ಪೇನಿನ ನ್ಯಾಯಪಂಡಿತ ಹುವಾನ್ ಲೋಪೆಸ್ ದೆ ಪಲಾಸಿಯೋಸ್ ರೂಬಿಯೋಸ್ 1513ರ ಸುಮಾರಿಗೆ ಸಿದ್ಧಪಡಿಸಿದ ‘ರೆಕೆರಿಮಿಯೆಂತೊ’ ಎಂಬ ಪತ್ರವನ್ನು ಅಮೆರಿಕದ ಮೂಲನಿವಾಸಿಗಳ ಮುಂದೆ ಓದಲಾಗುತ್ತಿತ್ತು: ಧರ್ಮಸಭೆಯ, ಪೋಪರ ಮತ್ತು ಸ್ಪೇನಿನ ಅರಸೊತ್ತಿಗೆಯ ಅಧಿಕಾರವನ್ನು ಒಪ್ಪಿರಿ, ಒಪ್ಪದಿದ್ದರೆ ಯುದ್ಧ, ದಾಸ್ಯ, ಅದರ ಪಾಪವೂ ನಿಮ್ಮದೇ. ಕೇಳುವವರಿಗೆ ತಿಳಿಯದ ಭಾಷೆಯಲ್ಲಿ ಅದನ್ನು ಓದುತ್ತಿದ್ದರು. ಇದನ್ನು ಕುರಿತು ಬರೆಯುವಾಗ ನಗಬೇಕೋ ಅಳಬೇಕೋ ತಿಳಿಯದಾಯಿತೆಂದು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಹೇಳಿಕೊಂಡಿದ್ದಾರೆ.

‘ರೆಕೆರಿಮಿಯೆಂತೊ’ ಎಂಬುದು ‘ರೆಕ್ವಿರೆರೆ’ಯಿಂದ ಬಂದ ಪದ: ಮತ್ತೆ ಹುಡುಕು, ಕೇಳಿ ಪಡೆ, ಹಕ್ಕಿನಿಂದ ಕೇಳು. ಈ ಕ್ರಿಯಾಪದವನ್ನು ವುಲ್ಗಾತದಲ್ಲಿ ಅರಸುತ್ತಾ ಹೋದರೆ ನಾವು ಯೆಜೆಕಿಯೇಲನ 34ನೆಯ ಅಧ್ಯಾಯಕ್ಕೆ ಬಂದು ನಿಲ್ಲುತ್ತೇವೆ. ಹತ್ತನೆಯ ವಚನದಲ್ಲಿ ದೇವರು ತಮ್ಮ ಮಂದೆಯ ಲೆಕ್ಕವನ್ನು ಕುರುಬರ ಕೈಯಿಂದ ಕೇಳುವರು. ಹನ್ನೊಂದನೆಯ ವಚನದಲ್ಲಿ ತಾವೇ ತಮ್ಮ ಕುರಿಗಳನ್ನು ಹುಡುಕಿಕೊಂಡು ಹೋಗುವರು. ಎರಡು ಕಡೆಯೂ ಹೀಬ್ರೂವಿನಲ್ಲಿ ‘ದಾರಷ್’ ಎಂಬ ಒಂದೇ ಕ್ರಿಯಾಪದ. ಲ್ಯಾಟಿನ್ನಿನಲ್ಲಿ ಎರಡು ಕಡೆಯೂ ‘ರೆಕ್ವಿರೆರೆ’. ಕುರುಬನ ಕಿವಿಗೆ ಅದು ಲೆಕ್ಕ ಕೇಳುವ ದನಿ, ಕುರಿಯ ಕಿವಿಗೆ ಹುಡುಕಿ ಬರುವ ದನಿ. ಅಂಗೀಕೃತ ಅನುವಾದಗಳು ಈ ಎರಡನ್ನು ಬೇರೆ ಬೇರೆ ಪದಗಳಿಂದ ತಿಳಿಸುವುದು ಅನಿವಾರ್ಯ. ಆದರೆ ಯಾಜಕದೀಕ್ಷೆ ಪಡೆದವರು ಮೂಲದ ಈ ಒಂದೇ ಪದವನ್ನು ಒಮ್ಮೆಯಾದರೂ ಕಣ್ಣಾರೆ ನೋಡಿರಬೇಕೆಂಬುದು ನಮ್ಮ ಅಭಿಪ್ರಾಯ.

ಹುಡುಕಾಟ ತನ್ನಷ್ಟಕ್ಕೆ ಪ್ರೀತಿಯಲ್ಲ ಎಂಬುದು ಶುಭಸಂದೇಶಗಳಿಂದಲೇ ಸ್ಪಷ್ಟವಾಗುತ್ತದೆ. ಮಗುವನ್ನು ಕೊಲ್ಲಲು ಹೆರೋದನೂ ಹುಡುಕುತ್ತಾನೆ (ಮತ್ತಾಯ 2:13). ದೀಪ, ಪಂಜು, ಆಯುಧಗಳೊಂದಿಗೆ ತೋಟಕ್ಕೆ ಬಂದವರಿಗೆ ಯೇಸುಸ್ವಾಮಿ ಕೇಳುವ ಪ್ರಶ್ನೆಯೂ (ಯೊವಾನ್ನ 18:4) ಇನ್ನೊಂದು ತೋಟದಲ್ಲಿ ಮರಿಯಳಿಗೆ ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ಗ್ರೀಕಿನಲ್ಲಿಯೂ ಲ್ಯಾಟಿನ್ನಿನಲ್ಲಿಯೂ ಕ್ರಿಯಾಪದ ಬದಲಾಗುವುದಿಲ್ಲ. ಬದಲಾಗುವುದು ಬಂದವರು ಯಾರು, ಏತಕ್ಕೆ ಬಂದರು ಎಂಬುದು. ಅರ್ಥವನ್ನು ಹೊರುವುದು ಒಂಟಿ ಪದವಲ್ಲ, ವಾಕ್ಯ, ವಾಕ್ಯವನ್ನು ಹೊತ್ತ ಪ್ರಸಂಗ. ಜೇಮ್ಸ್ ಬಾರ್ ಎಂಬ ಬೈಬಲ್ ವಿದ್ವಾಂಸರು ಬೈಬಲ್ ಭಾಷೆಯ ಅರ್ಥವಿಜ್ಞಾನವನ್ನು ಕುರಿತು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದೈವಶಾಸ್ತ್ರಜ್ಞರನ್ನು ತರಾಟೆಗೆ ತೆಗೆದುಕೊಂಡದ್ದು ಇದೇ ಕಾರಣಕ್ಕೆ. ಧಾತುವಿನ ಅರ್ಥವನ್ನು ಅದರಿಂದ ಹುಟ್ಟಿದ ಪ್ರತಿಯೊಂದು ಪದದ ಮೇಲೂ ಹೇರುವುದು, ಮೂಲಾರ್ಥವೇ ನಿಜಾರ್ಥ ಎನ್ನುವುದು ದೋಷವೆಂದು ಅವರು ತೋರಿಸಿಕೊಟ್ಟರು.

ಈ ದೋಷಕ್ಕೆ ಪೂಜ್ಯವಾದ ವಂಶಾವಳಿಯೂ ಇದೆ. 636ರಲ್ಲಿ ನಿಧನರಾದ ಸೆವಿಲ್ಲಿನ ಧರ್ಮಾಧ್ಯಕ್ಷ ಸಂತ ಇಸಿದೋರರು ತಮ್ಮ ‘ಎತಿಮೊಲೊಜಿಯೆ’ ಎಂಬ ಮಹಾಕೋಶದಲ್ಲಿ, ಹೆಸರಿನ ಹುಟ್ಟನ್ನು ಅರಿತರೆ ವಸ್ತುವಿನ ಸತ್ವ ಬೇಗ ತಿಳಿಯುತ್ತದೆ ಎಂಬ ತತ್ವದ ಮೇಲೆ ಇಡೀ ಜ್ಞಾನಲೋಕವನ್ನು ಜೋಡಿಸಿದರು. ರಾತ್ರಿ ಎಂಬ ಲ್ಯಾಟಿನ್ ಪದ ‘ನೋಕ್ಸ್’, ಹಾನಿ ಮಾಡು ಎಂಬರ್ಥದ ‘ನೊಚೇರೆ’ಯಿಂದ ಬಂದಿದೆ ಎಂದರು, ಹಾಗೇನೂ ಇಲ್ಲ. ಅವರನ್ನು ನೋಡಿ ನಗುವುದು ಸುಲಭ. ಸುಮಾರು ಸಾವಿರದ ನಾನೂರು ವರ್ಷಗಳ ಬಳಿಕ ಉಲ್ಲೇಖಕೋಶಗಳು ಕೈಯಲ್ಲಿದ್ದೂ ಅದೇ ತತ್ವವನ್ನು ಪೀಠದಿಂದ ಸಾರುವ ನಮ್ಮನ್ನು ನೋಡಿ ಅವರು ನಗಬಾರದೇ?

ಎರಡು ವಚನಗಳಲ್ಲಿ ಈ ಸೆಳೆತ ಬಹಳ ಬಲವಾಗಿರುತ್ತದೆ. ಮೊದಲನೆಯದು ಕುಷ್ಠರೋಗಿಯ ಪ್ರಸಂಗ (ಮತ್ತಾಯ 8:2-3). ನಿಮಗೆ ಮನಸ್ಸಿದ್ದರೆ ನನ್ನನ್ನು ಗುಣಪಡಿಸಬಲ್ಲಿರಿ ಎಂದು ಅವನು ಬೇಡುತ್ತಾನೆ; ಮನಸ್ಸಿದೆ ಎಂದು ಯೇಸುಸ್ವಾಮಿ ಉತ್ತರಿಸುತ್ತಾರೆ. ಗ್ರೀಕಿನಲ್ಲಿ ‘ಥೆಲೊ’, ಲ್ಯಾಟಿನ್ನಿನಲ್ಲಿ ‘ವೋಲೊ’, ಸ್ಪ್ಯಾನಿಷ್‌ನಲ್ಲಿ ‘ಕಿಯೆರೊ’. ತಾಯಿಗೆ ಫೋನಿನಲ್ಲಿ ಹೇಳುವ ಅದೇ ಪದ! ಇಲ್ಲಿ ಯೇಸು ರೋಗಿಗೆ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದೇ ಹೇಳುತ್ತಿದ್ದಾರೆ ಎಂದು ಉಪದೇಶಕರು ಹೇಳಿದರೆ ಯಾರ ಕಣ್ಣು ತೇವವಾಗದು? ಆದರೆ ‘ನಿನ್ನನ್ನು’ ಎಂಬ ಕರ್ಮಪದ ಅಲ್ಲಿಲ್ಲ. ಸ್ಪ್ಯಾನಿಷ್ ಓದುಗನೂ ಅದನ್ನು ‘ಮನಸ್ಸಿದೆ’ ಎಂದೇ ಓದುತ್ತಾನೆ. ಪ್ರೀತಿ ಆ ವಚನದಲ್ಲಿ ಬೇರೆಡೆ ಇದೆ, ಸ್ಪ್ಯಾನಿಷ್ ಬಾರದವರಿಗೂ ಕಾಣುವಂತಿದೆ: ಮುಟ್ಟಬಾರದವನನ್ನು ಅವರು ಕೈಚಾಚಿ ಮುಟ್ಟಿದರು.

ಎರಡನೆಯದು ತಿಬೇರಿಯ ಸರೋವರದ ದಂಡೆಯಲ್ಲಿ ಪೇತ್ರನಿಗೆ ಮೂರು ಬಾರಿ ಕೇಳಿದ ಪ್ರಶ್ನೆ (ಯೊವಾನ್ನ 21:15-17). ಗ್ರೀಕಿನಲ್ಲಿ ಯೇಸು ಎರಡು ಸಲ ‘ಅಗಪಾನ್’ ಎಂಬ ಪದದಿಂದ ಕೇಳುತ್ತಾರೆ, ಮೂರನೆಯ ಸಲ ‘ಫಿಲೇಯಿನ್’ ಎಂಬುದರಿಂದ. ಪೇತ್ರನ ಉತ್ತರ ಮೂರು ಸಲವೂ ‘ಫಿಲೇಯಿನ್’. ವುಲ್ಗಾತ ಇದನ್ನು ‘ದಿಲಿಜೆರೆ’, ‘ಅಮಾರೆ’ ಎಂದು ಉಳಿಸಿಕೊಂಡಿತು. ಸ್ಪ್ಯಾನಿಷ್‌ನ ರೇಯ್ನಾ-ವಲೇರಾ ಅನುವಾದದ 1960ರ ಪರಿಷ್ಕರಣೆ ಎಲ್ಲ ಕಡೆಯೂ ‘ಅಮಾರ್’ ಎನ್ನುತ್ತದೆ. ಜೆರುಸಲೇಮ್ ಬೈಬಲ್ಲಿನ ಸ್ಪ್ಯಾನಿಷ್ ಆವೃತ್ತಿಯಲ್ಲಿ ಮೊದಲ ಎರಡು ಸಲ ಪ್ರಶ್ನೆ ‘ಅಮಾರ್’ ಎಂದು ಬಂದರೆ ಪೇತ್ರನ ಉತ್ತರ ‘ತೆ ಕಿಯೆರೊ’. ಪೇತ್ರನು ಕಡಿಮೆ ಬೆಲೆಯ ಪ್ರೀತಿಯನ್ನು ಮುಂದಿಟ್ಟನೆಂದು ಇದರ ಮೇಲೆ ಪ್ರಬೋಧನೆಗಳನ್ನು ಕಟ್ಟುವವರಿದ್ದಾರೆ. ಪ್ರೀತಿಯ ಈ ಪದಗಳ ನಡುವೆ ಪವಿತ್ರ ಗ್ರಂಥ ಅಂಥ ಮೇಲುಕೀಳು ಮಾಡುವುದಿಲ್ಲವೆಂದು ಸಂತ ಅಗಸ್ಟೀನರು ‘ದೇವನಗರ’ದ 14ನೆಯ ಪುಸ್ತಕದಲ್ಲಿ ಇದೇ ಪ್ರಸಂಗವನ್ನು ಎತ್ತಿಕೊಂಡು ವಾದಿಸಿದ್ದಾರೆ, ನಾವೂ ಅವರ ಪಕ್ಷದವರೇ. ಮೀನು ಹಿಡಿಯುವವನೊಬ್ಬ ಒದ್ದೆ ಬಟ್ಟೆಯಲ್ಲಿ ನಿಂತು, ನಿರಾಕರಿಸಿದ ಬಾಯಿಂದಲೇ, ಮನೆಮಾತಿನಲ್ಲಿ ‘ತೆ ಕಿಯೆರೊ’ ಎಂದರೆ ಅದು ಕಡಿಮೆಯ ಮಾತೆಂದು ಸ್ಪೇನಿನ ಯಾವ ತಾಯಿಯೂ ಒಪ್ಪಲಾರಳು.

ಹಾಗಾದರೆ ಪದಮೂಲದ ಅಭ್ಯಾಸ ವ್ಯರ್ಥವೇ? ಹಾಗೆ ಎನಿಸಿದ್ದರೆ ಈ ಲೇಖನವನ್ನು ನಾವು ಬರೆಯುತ್ತಿರಲಿಲ್ಲ. ಪದದ ಚರಿತ್ರೆ ನಮಗೆ ಪ್ರಮಾಣವನ್ನು ಕೊಡುವುದಿಲ್ಲ, ಆದರೆ ನೋಡುವ ಕಣ್ಣನ್ನು ಕೊಡಬಲ್ಲದು. ‘ಕೆರೇರ್’ ಎಂಬುದರ ಜಾಡು ಹಿಡಿಯದಿದ್ದರೆ ಯೆಜೆಕಿಯೇಲನ ಆ ಎರಡು ವಚನಗಳನ್ನು ನಾವೇ ಜೋಡಿಸಿ ಓದುತ್ತಿರಲಿಲ್ಲವೇನೋ. ಜಾಡು ತಲುಪಿಸಿದ ಸ್ಥಳದಲ್ಲಿ ಪವಿತ್ರ ಗ್ರಂಥವೇ ಮಾತನಾಡಬೇಕು. ಜಾಡಿನ ಬಗ್ಗೆ ಪೀಠದಿಂದ ಹೇಳಲೇಬೇಕೆಂದಿಲ್ಲ.

ಆ ವಿದ್ಯಾರ್ಥಿ ತಮ್ಮ ಪ್ರಬೋಧನೆಯನ್ನು ತಿದ್ದಿ ತಂದರು. ಸ್ಪ್ಯಾನಿಷ್ ಪದ ಮಾಯವಾಗಿತ್ತು. ಅದರ ಬದಲು ಜಕ್ಕಾಯನ ಪ್ರಸಂಗದೊಳಗೇ ಇದ್ದು ಮೊದಲ ಸಲ ಅವರ ಕಣ್ಣು ತಪ್ಪಿಸಿದ್ದ ಸಂಗತಿ ಬಂದಿತ್ತು: ಮೂರನೆಯ ವಚನದಲ್ಲಿ ಯೇಸುವನ್ನು ನೋಡಲು ಹುಡುಕುವವನು ಜಕ್ಕಾಯ, ಹತ್ತನೆಯ ವಚನದಲ್ಲಿ ಕಳೆದುಹೋದುದನ್ನು ಹುಡುಕಿ ಬಂದವರು ನರಪುತ್ರ, ಗ್ರೀಕಿನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಮರ ಹತ್ತಿದವನಿಗೆ, ತನ್ನನ್ನೇ ಯಾರೋ ಹುಡುಕಿಕೊಂಡು ಬಂದಿದ್ದಾರೆಂದು ಇಳಿಯುವವರೆಗೆ ತಿಳಿದಿರಲಿಲ್ಲ. ಕೊನೆಯಲ್ಲಿ ಮಾತ್ರ ಅವರು, ನಮ್ಮ ಅರಸನೇ ನಮ್ಮನ್ನು ಅರಸಿ ಬಂದನು ಎಂದು ಬರೆದಿದ್ದರು. ರಾಜನೆಂಬ ಅರಸನಿಗೂ ಹುಡುಕು ಎಂಬ ಅರಸುವಿಗೂ ಹುಟ್ಟಿನ ನಂಟಿಲ್ಲ. ಹಳಗನ್ನಡದಲ್ಲಿ ಹುಡುಕುವ ‘ಅಱಸು’ ಪದಕ್ಕೆ ಬೇರೆಯೇ ರೇಫವಿತ್ತು. ಇದನ್ನು ಅವರಿಗೆ ತಿಳಿಸಿದೆವು. ಗೊತ್ತಿದೆ ಫಾದರ್, ಇದನ್ನು ಪ್ರಮಾಣವೆಂದು ಹೇಳುತ್ತಿಲ್ಲ, ಪ್ರಾಸವೆಂದಷ್ಟೇ ಇಟ್ಟಿದ್ದೇನೆ ಎಂದರು. ಆ ವಾಕ್ಯವನ್ನು ನಾವು ಹೊಡೆದುಹಾಕಲಿಲ್ಲ.